ಹಳಿಯಿಂದ ಟೈರಿಗೆ
ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸೀಮೆಯ ಗದ್ದೆಗಳಿಂದ ಭತ್ತವನ್ನೂ ಜಗಳೂರಿನ ಬೆದ್ದಲು ಹೊಲಗಳಿಂದ ಜೋಳವನ್ನೂ ಮನೆಗೆ ಮುಟ್ಟಿಸುತ್ತಿದ್ದುದು ಮರದ ಗಾಲಿಯ ಎತ್ತಿನ ಗಾಡಿ. ಗಾಲಿ ಸವೆಯದಿರಲು ಅದಕ್ಕೆ ಕಬ್ಬಿಣದ ಹಳಿ ಬೇಕಿತ್ತು.

ಹಳಿ ಹಾಕುವುದೆಂದರೆ ಕಮ್ಮಾರನ ಕೈಗೂ ಕಣ್ಣಿಗೂ ಪರೀಕ್ಷೆ. ಗಾಲಿಯ ಸುತ್ತಳತೆಗಿಂತ ಹಳಿ ತುಸು ಚಿಕ್ಕದಿರಬೇಕು. ಅದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಉದ್ದನೆಯ ಇಕ್ಕಳಗಳಲ್ಲಿ ಹಿಡಿದು ಗಾಲಿಗೆ ಕೂರಿಸಿ, ಮರ ಹೊತ್ತಿಕೊಳ್ಳುವ ಮೊದಲೇ ನೀರು ಸುರಿಯುತ್ತಿದ್ದರು. ಬಿಸಿಗೆ ಹಿಗ್ಗಿದ್ದ ಕಬ್ಬಿಣ ತಣಿದು ಕುಗ್ಗಿದಾಗ ಗಾಲಿಯ ಕೀಲುಗಳೆಲ್ಲ ಬಿಗಿಯಾಗುತ್ತಿದ್ದವು. ಅಳತೆ ದೊಡ್ಡದಾದರೆ ಹಳಿ ಕಳಚುತ್ತದೆ, ತೀರಾ ಚಿಕ್ಕದಾದರೆ ಗಾಲಿಯೇ ಸೊಟ್ಟಗಾಗುತ್ತದೆ.

ಆಮೇಲೆ ಟೈರ್ ಗಾಡಿ ಬಂತು. ಎತ್ತಿಗೆ ಎಳೆತ ಹಗುರಾಯಿತು, ರಸ್ತೆಗೆ ಕೊರೆತ ತಪ್ಪಿತು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ 1970ರ ದಶಕದಲ್ಲಿ ಗಾಡಿ ಸುಧಾರಣೆಯನ್ನೇ ಅಧ್ಯಯನದ ವಿಷಯ ಮಾಡಿಕೊಂಡರು. ಮ್ಯಾನೇಜ್‌ಮೆಂಟ್ ಪಂಡಿತರೊಬ್ಬರು ಎತ್ತಿನ ಹೆಗಲ ಹುಣ್ಣಿನ ಬಗ್ಗೆ ಯೋಚಿಸಿದ್ದು ಸಣ್ಣ ಮಾತಲ್ಲ.

ಭದ್ರಾ ನಾಲೆಯ ನೀರು ಹರಿದ ಮೇಲೆ ಬೆಳೆ ಹೆಚ್ಚಿತು, ಸಾಗಿಸುವ ಹೇರೂ ಹೆಚ್ಚಿತು. ಮುಂದೆ ಟ್ರ್ಯಾಕ್ಟರ್ ಟ್ರೇಲರ್‌ಗಳು ಬಂದವು. ಅಳತೆಯ ಲೆಕ್ಕ ಮಾತ್ರ ತಪ್ಪಲಿಲ್ಲ. ಒಂದೇ ಅಚ್ಚಿನ ಎರಡೂ ಟೈರು ಒಂದೇ ಗಾತ್ರದವಿರಬೇಕು. ಹೇರು ತುಂಬಿ ಸ್ಪ್ರಿಂಗ್ ಕುಗ್ಗಿದಾಗಲೂ ಮಡ್‌ಗಾರ್ಡ್ ಟೈರಿಗೆ ತಾಗಬಾರದು. ಹೊಸ ಟೈರು ಹಾಕಿಸುವವರು ಖಾಲಿ ಟ್ರೇಲರ್ ನೋಡಿ ಅಂತರ ಅಳೆಯದೆ, ತುಂಬಿದ ಹೇರನ್ನು ಲೆಕ್ಕಕ್ಕಿಟ್ಟುಕೊಳ್ಳಲಿ.