ದಡದ ಮೇಲಿನ ಗಣಿತ

1913ರ ಜನವರಿಯಲ್ಲಿ ಮದರಾಸಿನ ಬಂದರು ಕಚೇರಿಯ ಗುಮಾಸ್ತ ರಾಮಾನುಜನ್ ಕೇಂಬ್ರಿಜ್ಜಿನ ಹಾರ್ಡಿಗೆ ಬರೆದ ಕಾಗದದ ಕತೆ ಯಾರಿಗೆ ಗೊತ್ತಿಲ್ಲ? ಆ ಕಾಗದದಲ್ಲಿ ಒಂದು ದೊಡ್ಡ ತಪ್ಪೂ ಇದ್ದಿತೆಂಬುದು ಮಾತ್ರ ಅಷ್ಟಾಗಿ ಪ್ರಚಾರವಾಗಿಲ್ಲ. ಒಂದು ಮಿತಿಯೊಳಗೆ ಎಷ್ಟು ಅವಿಭಾಜ್ಯ ಸಂಖ್ಯೆಗಳಿವೆಯೆಂದು ಕರಾರುವಾಕ್ಕಾಗಿ ಹೇಳುವ ಸೂತ್ರ ತಮಗೆ ಸಿಕ್ಕಿದೆಯೆಂದು ಅವರು ಬರೆದಿದ್ದರು. ಸಿಕ್ಕಿರಲಿಲ್ಲ. ಸಂಕೀರ್ಣ ಸಂಖ್ಯೆಗಳ ಲೋಕದಲ್ಲಿ ನಡೆದಾಡುವ ವಿದ್ಯೆ ಅವರಿಗೆ ಆಗಿನ್ನೂ ದಕ್ಕಿರಲಿಲ್ಲವೆಂಬುದೇ ಇದಕ್ಕೆ ಕಾರಣವೆಂದು ಹಾರ್ಡಿ ನಿರ್ಣಯಿಸಿದರು.

ಆ ವಿದ್ಯೆಯ ಮೂಲಪುರುಷ ಫ್ರಾನ್ಸಿನ ಕೋಶಿ; ವರ್ಷ 1825. ಸಂಕೀರ್ಣ ಸಂಖ್ಯೆಗಳನ್ನು ಒಂದು ಬಯಲಿನಂತೆ ಹರಡಿಕೊಂಡು, ಅದರ ಮೇಲೆ ಒಂದು ಪ್ರದಕ್ಷಿಣೆ ಬರುವುದು. ಹಾದಿಯುದ್ದಕ್ಕೂ ಉತ್ಪನ್ನದ ಬೆಲೆಗಳನ್ನು ಹೆಜ್ಜೆಹೆಜ್ಜೆಗೆ ಕೂಡಿಸುತ್ತ ಹೋಗುವುದು. ಒಳಗೆಲ್ಲ ಉತ್ಪನ್ನವು ಸುಗಮವಾಗಿದ್ದರೆ ಮೊತ್ತ ಸೊನ್ನೆ. ಎಲ್ಲಿಯಾದರೂ ಕೆಟ್ಟಿದ್ದರೆ ಆ ಕೇಡಿನ ಲೆಕ್ಕ ಮೊತ್ತದಲ್ಲಿ ಸಿಕ್ಕುತ್ತದೆ. ಕೆರೆಗೆ ಇಳಿಯದೆ, ದಡದ ಮೇಲೆಯೇ ಸುತ್ತು ಬಂದು, ಒಳಗಿನ ಮಡುಗಳನ್ನು ಎಣಿಸಿದಂತೆ! 1859ರಲ್ಲಿ ರೀಮನ್ ಇದೇ ದಾರಿಯಿಂದ ಅವಿಭಾಜ್ಯ ಸಂಖ್ಯೆಗಳ ಏರಿಳಿತವೆಲ್ಲ ಝೀಟಾ ಎಂಬ ಉತ್ಪನ್ನದ ಸೊನ್ನೆಗಳಲ್ಲಿ ಅಡಗಿದೆಯೆಂದು ಕಂಡನು. ಆ ಸೊನ್ನೆಗಳು ಇಲ್ಲವೇ ಇಲ್ಲವೆಂಬಂತೆ ರಾಮಾನುಜನ್ ಲೆಕ್ಕ ಹಾಕಿದ್ದರು.

ಈ ಕತೆಗೆ ನಮ್ಮ ಕಡೆಯ ಒಂದು ಅಧ್ಯಾಯವೂ ಉಂಟು. ಮಂಡ್ಯದಲ್ಲಿ 1933ರಲ್ಲಿ ಹುಟ್ಟಿದ ಕನಕನಹಳ್ಳಿ ರಾಮಚಂದ್ರರು ಹದಿಮೂರರ ವಯಸ್ಸಿಗೆ ತಂದೆಯನ್ನು ಕಳೆದುಕೊಂಡರು. ತಾಯಿ ಜಮೀನು ಅಡವಿಟ್ಟು ಓದಿಸಿದರು. ವಿದ್ಯಾರ್ಥಿದೆಸೆಯಲ್ಲಿ ಒಂದು ಸ್ಪರ್ಧೆ ಗೆದ್ದು ಬಹುಮಾನವಾಗಿ ಪಡೆದದ್ದು ರಾಮಾನುಜನ್ನರ ಕಿರು ಜೀವನಚರಿತ್ರೆ. ಹುಚ್ಚು ಹತ್ತಿದ್ದು ಅಲ್ಲಿಂದ. ಮಿನರ್ವ ಮಿಲ್ಲಿನಲ್ಲಿ ಗುಮಾಸ್ತಗಿರಿ ಮಾಡುತ್ತಲೇ ಬಿಡುವಿನಲ್ಲಿ ಸಂಖ್ಯಾಶಾಸ್ತ್ರವನ್ನು ಸ್ವಂತವಾಗಿ ಕಲಿತರು. (ಗುಮಾಸ್ತರ ಕುರ್ಚಿಗೂ ಗಣಿತಕ್ಕೂ ಏನೋ ಋಣಾನುಬಂಧವಿರಬೇಕು.) ಕೆಲಕಾಲ ಬೆಂಗಳೂರಿನ ಬಿ. ಎಂ. ಎಸ್. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಿ, 1958ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿದರು.

ರಾಮಾನುಜನ್ನರು ಎಡವಿದ ಝೀಟಾದ ಬಯಲೇ ಇವರ ಬಾಳಿನ ಬಹುಪಾಲು ದುಡಿಮೆಯ ನೆಲವಾಯಿತು. ಆದರೆ ನನಗೆ ಹೆಚ್ಚು ಸೋಜಿಗವೆನಿಸುವುದು 1968ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಫಲಿತಾಂಶ. ಸರ್ಜ್ ಲ್ಯಾಂಗ್ ಎಂಬ ವಿದ್ವಾಂಸನೂ ಅದನ್ನು ಬೇರೆಯಾಗಿಯೇ ಸಾಧಿಸಿದ್ದನು. ಎರಡರ ಘಾತವಾಗಿ ಪೈ, ಪೈಯ ವರ್ಗ, ಪೈಯ ಘನ ಇವನ್ನು ಇರಿಸಿದರೆ ಮೂರು ಸಂಖ್ಯೆಗಳು ಬರುತ್ತವಷ್ಟೆ. ಪೂರ್ಣಾಂಕಗಳ ಯಾವ ಬೀಜಗಣಿತ ಸಮೀಕರಣಕ್ಕೂ ಸಿಕ್ಕದ ಸಂಖ್ಯೆ ಅವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆಂಬುದು ಅದರಿಂದ ಹೊರಡುವ ಮಾತು. ಸಾಧನೆಯ ಕೀಲಿ ಮತ್ತೆ ಅದೇ ಪ್ರದಕ್ಷಿಣೆ. ಅನೇಕ ಕಡೆ ಸೊನ್ನೆಯಾಗುವ ಒಂದು ಉತ್ಪನ್ನವನ್ನು ಕಟ್ಟಿ, ದೊಡ್ಡ ವೃತ್ತದ ಅಂಚಿನಲ್ಲಿ ಅದನ್ನು ಅಳೆದರೆ, ಒಳಗೆ ಅದು ಎಷ್ಟು ಚಿಕ್ಕದಾಗಿರಲೇಬೇಕೆಂದು ತಿಳಿಯುತ್ತದೆ. ಆ ಮೂರರಲ್ಲಿ ಯಾವುದು ಅಂಥ ಸಂಖ್ಯೆಯೆಂಬುದು ಮಾತ್ರ ಇಂದಿಗೂ ಬಗೆಹರಿದಿಲ್ಲ.

1978ರಲ್ಲಿ ರಾಮಚಂದ್ರರು ಆರ್. ಬಾಲಸುಬ್ರಮಣಿಯನ್ನರೊಡನೆ 'ಹಾರ್ಡಿ–ರಾಮಾನುಜನ್ ಜರ್ನಲ್' ಎಂಬ ಪತ್ರಿಕೆಯನ್ನು ಕೈಯಿಂದಲೇ ಹಣ ಹಾಕಿ ಆರಂಭಿಸಿದರು. ರಾಮಾನುಜನ್ನರು ಹುಟ್ಟಿದ ಡಿಸೆಂಬರ್ 22ರಂದು ವರ್ಷಕ್ಕೊಂದು ಸಂಚಿಕೆ. 2011ರ ಜನವರಿಯಲ್ಲಿ ಅವರು ತೀರಿಕೊಂಡ ಮೇಲೆಯೂ ಅದು ನಿಲ್ಲಲಿಲ್ಲ.