ತಾಟಿನ ಮುಂದಿನ ಹಟಕ್ಕೂ ಒಂದು ಚರಿತ್ರೆ

ಖಾನಾಪುರ ತಾಲ್ಲೂಕಿನ ನಂದಗಡಕ್ಕೆ ಹೋದವರು ಸಂಗೊಳ್ಳಿ ರಾಯಣ್ಣನ ಸಮಾಧಿಯ ಬಳಿ ಇರುವ ಆಲದ ಮರವನ್ನು ನೋಡದೆ ಬರುವುದಿಲ್ಲ. ಕಿತ್ತೂರಿನ ಪರವಾಗಿ ಬ್ರಿಟಿಷರ ವಿರುದ್ಧ ಹೋರಾಡಿದ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಇದೇ ಊರಿನಲ್ಲಿ. ಮಕ್ಕಳಾಗದ ದಂಪತಿಗಳು ಇಲ್ಲಿಗೆ ಬಂದು, ಹರಕೆ ಹೊತ್ತು ಪುಟ್ಟ ತೊಟ್ಟಿಲು ಕಟ್ಟಿ ಹೋಗುತ್ತಾರೆ. ವೀರನ ಹೆಸರಿನಲ್ಲಿ ಕೂಸನ್ನು ಬೇಡುವ ಈ ಪದ್ಧತಿಯ ಬಗ್ಗೆ ಬರೆದವರು ಹಲವರಿದ್ದಾರೆ. ಹರಕೆ ಫಲಿಸಿ ಕೂಸು ಹುಟ್ಟಿ, ಅದಕ್ಕೆ ಎರಡು ವರ್ಷ ತುಂಬಿದ ಮೇಲೆ ಆ ಮನೆಯಲ್ಲಿ ದಿನವೂ ರಾತ್ರಿ ನಡೆಯುವ ಇನ್ನೊಂದು ಯುದ್ಧದ ಬಗ್ಗೆ ಬರೆದವರು ಕಡಿಮೆ.

‘ಏನ್ ಮಾಡಿ ಹಾಕಿದ್ರೂ ಉಣ್ಣವಲ್ಲ ನೋಡ್ರಿ ನಮ್ಮ ಹುಡುಗ’ ಎಂಬ ದೂರು ಕೇಳದ ಓಣಿ ಬೆಳಗಾವಿ ಸೀಮೆಯಲ್ಲಿ ಇರಲಾರದು. ಪಲ್ಯೆ ಕಂಡರೆ ಮುಖ ತಿರುವುವುದು, ಅನ್ನದಲ್ಲಿನ ಕರಿಬೇವಿನ ಎಲೆಯನ್ನೂ ಹೆಕ್ಕಿ ಎಸೆಯುವುದು, ಕೊನೆಗೆ ಬರೀ ಬಿಸ್ಕತ್ತಿಗೆ ಕೈ ಚಾಚುವುದು. ಈ ಹಟವನ್ನು ಈ ಕಾಲದ ಮಕ್ಕಳ ರೋಗವೆಂದು ಹಿರಿಯರು ಹಳಿಯುವುದುಂಟು. ಅದು ಪೂರ್ತಿ ಸರಿಯಲ್ಲ. ಹೊಸ ತಿನಿಸನ್ನು ಅನುಮಾನದಿಂದ ನೋಡುವುದು ಎರಡರಿಂದ ಆರು ವರ್ಷದ ಮಕ್ಕಳ ಸಹಜ ಗುಣ. ನಡೆಯಲು ಕಲಿತು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನಲ್ಲಿ ವಿಷದಿಂದ ಪಾರಾಗಲು ಪ್ರಕೃತಿ ಕೊಟ್ಟ ಕಾವಲು ಇದು ಎಂದು ಹಲವು ತಜ್ಞರು ಊಹಿಸುತ್ತಾರೆ. ಹೊಸದಾಗಿ ಬಂದದ್ದು ಹಟವಲ್ಲ. ಆ ಹಟಕ್ಕಾಗಿ ಮಾಡುವ ಬೇರೆ ಅಡುಗೆ.

ಹಿಂದೆ ಇದನ್ನು ಹೇಗೆ ನಿಭಾಯಿಸುತ್ತಿದ್ದರು ಎಂಬುದನ್ನು ತಿಳಿಯಲು ನಂದಗಡ ಒಳ್ಳೆಯ ಜಾಗ. ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು 37 ಕಿ.ಮೀ. ದೂರದ ಈ ಊರು ಎರಡು ಊಟಗಳ ಗಡಿಯಲ್ಲಿದೆ. ಪಶ್ಚಿಮಕ್ಕೆ ಸಹ್ಯಾದ್ರಿಯ ಕಾಡು, ಮಲಪ್ರಭೆ ಹುಟ್ಟುವ ಕಣಕುಂಬಿ, ಭತ್ತದ ಗದ್ದೆಗಳು. ಪೂರ್ವಕ್ಕೆ ಹೋದಂತೆ ಮಳೆ ತಗ್ಗಿ ಜೋಳದ ಹೊಲಗಳು. ಕಿತ್ತೂರಿನ ದೊರೆ ಮಲ್ಲಸರ್ಜ 1809ರಲ್ಲಿ ಇಲ್ಲಿ ಕೋಟೆ ಕಟ್ಟಿಸಿದ. ಆಮೇಲೆ ಬ್ರಿಟಿಷರ ಕಾಲದ ಗೆಜೆಟಿಯರು ನಂದಗಡವನ್ನು ತಾಲ್ಲೂಕಿನ ಮುಖ್ಯ ವ್ಯಾಪಾರ ಕೇಂದ್ರವೆಂದು ಗುರುತಿಸಿತು. ಗೋವೆಯಿಂದ ತೆಂಗಿನಕಾಯಿ, ಅಡಿಕೆ, ಕೊಬ್ಬರಿ ಎಣ್ಣೆ, ಖರ್ಜೂರ, ಉಪ್ಪು ಬರುತ್ತಿದ್ದವು. ಇಲ್ಲಿಂದ ಗೋಧಿ ಮುಂತಾದ ಧಾನ್ಯ ಹೋಗುತ್ತಿತ್ತು. ಹೀಗಾಗಿ ಈ ಭಾಗದ ಅಡುಗೆಮನೆಗೆ ಅಕ್ಕಿ, ಜೋಳ, ಗೋಧಿ, ತೆಂಗು ನಾಲ್ಕೂ ಪರಿಚಿತ. ಮನೆಮಾತು ಕೆಲವರದು ಕನ್ನಡ, ಕೆಲವರದು ಮರಾಠಿ. ಆದರೆ ಕೂಸಿನ ಊಟದಲ್ಲಿ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ. ಒಬ್ಬರ ‘ವರಣ ಭಾತ’ ಇನ್ನೊಬ್ಬರ ಬ್ಯಾಳಿ ಅನ್ನ. ಒಬ್ಬರ ‘ಮೌ ಭಾತ’ ಇನ್ನೊಬ್ಬರ ಮೆತ್ತನ್ನ ಅನ್ನ.

ಈ ಊಟದ ಗುಟ್ಟು ಇರುವುದು ಪದಾರ್ಥಕ್ಕಿಂತ ಹೆಚ್ಚಾಗಿ ಅಡುಗೆಯ ಕ್ರಮದಲ್ಲಿ. ಬೇಳೆ ಬೆಂದ ಮೇಲೆ ಖಾರ, ಹುಣಸೆಹುಳಿ, ಒಗ್ಗರಣೆ ಬೀಳುವ ಮೊದಲು ಒಂದು ಸೌಟು ತೆಗೆದಿಡುವುದು. ಅದೇ ಕೂಸಿನ ಪಾಲು. ಅದಕ್ಕೆ ಚಿಟಿಕೆ ಅರಿಶಿನ, ಉಪ್ಪು, ಅನ್ನದ ಮೇಲೆ ಒಂದಿಷ್ಟು ತುಪ್ಪ. ಉಳಿದದ್ದು ಖಾರ ಬಿದ್ದು ದೊಡ್ಡವರ ಸಾರಾಗುತ್ತಿತ್ತು. ಜೋಳದ ಸೀಮೆಯಲ್ಲಿ ನುಚ್ಚಿಗೆ ಮಜ್ಜಿಗೆ. ಬಿಸಿ ರೊಟ್ಟಿಯಾದರೆ ಹಾಲಿನಲ್ಲಿ ಮುರಿದು ಹಾಕಿ ಮೆತ್ತಗೆ ಮಾಡುವುದು. ಸೊಪ್ಪು ತಿನ್ನದ ಮಗುವಿಗೆ ಮುದ್ದಿಪಲ್ಯೆ ಇತ್ತು: ಮೆಂತ್ಯ ಅಥವಾ ರಾಜಗಿರಿಯನ್ನು ಬೇಳೆಯ ಜೊತೆ ಬೇಯಿಸಿ ಕಡೆದರೆ ಎಲೆ ಯಾವುದು, ಬೇಳೆ ಯಾವುದು ಎಂದು ಹೆಕ್ಕುವುದು ದೊಡ್ಡವರಿಗೂ ಆಗುವುದಿಲ್ಲ. ತಾಲಿಪಟ್ಟಿನ ಹಿಟ್ಟಿನಲ್ಲಿ ಸೋರೆಕಾಯಿ ತುರಿ ಸೇರಿಸುವುದೂ ಇದೇ ಜಾಣತನದ ಇನ್ನೊಂದು ರೂಪ. ಒಲೆ ಒಂದೇ, ಬೇಳೆಯ ಪಾತ್ರೆಯೂ ಒಂದೇ. ಒಂದು ಸೌಟಿನಷ್ಟು ಮಾತ್ರ ಬೇರೆ. ಇಡೀ ದಿನ ಗದ್ದೆಯಲ್ಲಿ ದುಡಿದು ಬಂದ ಹೆಂಗಸಿಗೆ ಎರಡನೆಯ ಅಡುಗೆ ಮಾಡುವ ತ್ರಾಣ ಎಲ್ಲಿಂದ ಬರಬೇಕು? ಪದ್ಧತಿಯೆಂದು ನಾವು ಕರೆಯುವುದರಲ್ಲಿ ಎಷ್ಟೋ ಪಾಲು ಇಂಥ ದಣಿವಿನ ಲೆಕ್ಕಾಚಾರವೇ ಇರಬೇಕು ಎಂದು ನನಗನ್ನಿಸುತ್ತದೆ.

ಹಾಗೆ ನೋಡಿದರೆ, ಖಾರ ಬೀಳುವ ಮುನ್ನ ಎತ್ತಿಡಬೇಕಾದ ಈ ತಾಪತ್ರಯವೂ ಬಹಳ ಹಳೆಯದಲ್ಲ. ಮೂರನೆಯ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ ಬರೆದದ್ದು ಸುಮಾರು 1508ರಲ್ಲಿ. ಪೋರ್ಚುಗೀಸರು ಗೋವೆ ಹಿಡಿದದ್ದು 1510ರಲ್ಲಿ. ಅಂದರೆ ಆ ಗ್ರಂಥದ ಅಡುಗೆಯಲ್ಲಿ ಮೆಣಸಿನಕಾಯಿಯೂ ಇಲ್ಲ, ಆಲೂಗಡ್ಡೆಯೂ ಇಲ್ಲ. ಅಲ್ಲಿಯ ಖಾರ ಕಾಳುಮೆಣಸಿನದು. ಅಮೆರಿಕ ಖಂಡದ ಮೆಣಸಿನಕಾಯಿ ಹಡಗೇರಿ ಪಶ್ಚಿಮ ಕರಾವಳಿಗೆ ಬಂದು ಘಟ್ಟ ಹತ್ತಿದ ಮೇಲೆಯೇ ನಮ್ಮ ಸಾರು ಇಂದಿನ ಕೆಂಪು ಬಣ್ಣ ಪಡೆದದ್ದು. ಮಗುವಿನ ನಾಲಿಗೆಗೆ ಶತ್ರುವಾದ ಮೆಣಸಿನಕಾಯಿಯ ಜೊತೆಗೇ ಅದರ ಪರಮಮಿತ್ರನೂ ಕಡಲು ದಾಟಿ ಬಂತು. ಬೆಳಗಾವಿಯವರು ‘ಬಟಾಟಿ’ ಎನ್ನುವ ಆಲೂಗಡ್ಡೆಗೆ ಆ ಹೆಸರು ಪೋರ್ಚುಗೀಸರ ‘ಬಟಾಟಾ’ದಿಂದ ಬಂದದ್ದು. ಪೇರಲ, ಕಾಜು, ಪಾವ್ ಎಂಬ ಮಾತುಗಳ ಮೂಲವೂ ಅದೇ ಭಾಷೆ. ಹಟಮಾರಿ ಮಗು ಕಣ್ಣು ಮುಚ್ಚಿ ತಿನ್ನುವ ಪದಾರ್ಥಗಳಲ್ಲಿ ಎಷ್ಟು ಗೋವೆಯ ಹಾದಿಯವು ಎಂದು ಲೆಕ್ಕ ಹಾಕಿದರೆ ಸೋಜಿಗವೆನಿಸುತ್ತದೆ.

ಹಳೆಯದೆಲ್ಲ ಚಿನ್ನವಾಗಿತ್ತು ಎನ್ನುವಂತಿಲ್ಲ. 1876–78ರ ಬರ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಹಿಂಡಿದಾಗ ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಸಿಗೆ ರಿಚರ್ಡ್ ಟೆಂಪಲ್ ಸೂಚಿಸಿದ ದಿನಗೂಲಿ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ ಮತ್ತು ಒಂದು ಆಣೆ. ಆ ವರ್ಷಗಳಲ್ಲಿ ಊಟ ಒಲ್ಲೆನೆನ್ನುವ ಮಗು ಎಲ್ಲಿಯದು! ಬರವಿಲ್ಲದ ವರ್ಷಗಳಲ್ಲಿಯೂ ಬಡವರ ಮನೆಯಲ್ಲಿ ಮೊಲೆ ಬಿಡಿಸಿದ ಕೂಸಿಗೆ ಬೇಳೆಯ ಕಟ್ಟೂ ದೊರೆಯದೆ ಬರೀ ಗಂಜಿಯಲ್ಲಿ ದಿನ ಕಳೆಯುವುದಿತ್ತು. ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿ (ಇಂದಿನ ಘಾನಾ) ದುಡಿಯುತ್ತಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್ ಇಂಥ ಮಕ್ಕಳ ಬಾವು ಬಂದ ಮೈಯನ್ನು ಕಂಡು 1933ರಲ್ಲಿ ವರದಿ ಬರೆದರು. ಎರಡು ವರ್ಷದ ನಂತರ ಆ ರೋಗಕ್ಕೆ ಅಲ್ಲಿಯ ಜನರ ಮಾತಾದ ‘ಕ್ವಾಷಿಯೋರ್ಕರ್’ ಎಂಬ ಹೆಸರನ್ನೇ ಕೊಟ್ಟರು. ಮುಂದಿನ ಕೂಸು ಹುಟ್ಟಿದಾಗ ಮಡಿಲಿನಿಂದ ಇಳಿಸಿದ ಮಗುವಿಗೆ ಬರುವ ರೋಗ ಎಂದು ಅದರರ್ಥ. ಹೊಟ್ಟೆ ತುಂಬಿದರೂ ಪ್ರೋಟೀನಿನ ಕೊರತೆ ಉಳಿಯಬಹುದು ಎಂಬ ವಿಚಾರ ಅಲ್ಲಿಂದ ಜಗತ್ತಿನ ಗಮನ ಸೆಳೆಯಿತು.

ಮಗುವಿಗೆ ಬೇರೆ ಆಹಾರ ಎಂಬ ಕಲ್ಪನೆ ಬೇರೂರಿದ್ದು ಇದರ ನಂತರ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಎಮ್ಮೆಯ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಕಂಡುಹಿಡಿಯಿತು. 1960ರಲ್ಲಿ ಅಮುಲ್ ಅದನ್ನು ಡಬ್ಬಿಯಲ್ಲಿ ಮಾರುಕಟ್ಟೆಗೆ ತಂದಿತು. ವಿದೇಶಿ ಡಬ್ಬಿಗಳ ಮೇಲಿನ ಅವಲಂಬನೆ ತಪ್ಪಿಸಿದ ಸಾಧನೆ ಅದು. ಅದೇ ಸಂಸ್ಥೆ ಮುಂದೆ ಮೊಳಕೆ ಬರಿಸಿದ ರಾಗಿ ಮತ್ತು ಹೆಸರುಕಾಳಿನಿಂದಲೂ ಎಳೆಮಕ್ಕಳ ಆಹಾರ ರೂಪಿಸಿತು. ಮನೆಯಲ್ಲಿ ಮಾಡಬಹುದಾದ ಈ ಎರಡನೆಯದು ಡಬ್ಬಿಯಷ್ಟು ಹೆಸರು ಮಾಡಲಿಲ್ಲವೆಂಬುದು ಜಾಹೀರಾತಿನ ಶಕ್ತಿಯನ್ನು ಬಲ್ಲವರಿಗೆ ಆಶ್ಚರ್ಯ ತರಲಾರದು. ಆ ಜಾಹೀರಾತುಗಳಿಗೆ ಕಡಿವಾಣ ಹಾಕಲು ಕೇಂದ್ರ ಸರ್ಕಾರ 1992ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. 2003ರ ತಿದ್ದುಪಡಿ ಎರಡು ವರ್ಷದೊಳಗಿನ ಮಕ್ಕಳ ಆಹಾರಗಳ ಪ್ರಚಾರವನ್ನು ನಿಷೇಧಿಸಿತು. ಆದರೆ ಎರಡು ವರ್ಷ ದಾಟಿದ ಮಗು ಕಾಯ್ದೆಯ ಬೇಲಿಯ ಹೊರಗೆ. 1983ರಲ್ಲಿ ದೇಶಕ್ಕೆ ಬಂದ ‘ಎರಡು ನಿಮಿಷ’ದ ಮ್ಯಾಗಿ ಎಷ್ಟೋ ಮನೆಗಳಲ್ಲಿ ರಾತ್ರಿಯ ಹಟಕ್ಕೆ ಸಿದ್ಧ ಉತ್ತರವಾಯಿತು.

ಮನೆಯಲ್ಲಿ ತಾಟು ಬೇರೆಯಾಗುತ್ತಿದ್ದ ಈ ಕಾಲದಲ್ಲಿಯೇ ಮನೆಯ ಹೊರಗೆ ಮಕ್ಕಳ ಪಂಕ್ತಿ ದೊಡ್ಡದಾಗುತ್ತಿತ್ತು. ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮೀಜಿ ಸ್ವಾತಂತ್ರ್ಯಕ್ಕೆ ಮೊದಲೇ ತೆರೆದ ಪ್ರಸಾದ ನಿಲಯದಲ್ಲಿ ಓದಲು ಬಂದ ಹಳ್ಳಿಯ ಹುಡುಗರು ಸಾಲಾಗಿ ಕೂತು ಉಣ್ಣುತ್ತಿದ್ದರು. 1960ರ ದಶಕದಲ್ಲಿ ಪ್ರಾಥಮಿಕ ಶಾಲೆಗಳಿಗೆ ಅಮೆರಿಕದ ‘ಕೇರ್’ ಸಂಸ್ಥೆಯ ನೆರವಿನಿಂದ ಗೋಧಿ ರವೆ ಮತ್ತು ಹಾಲಿನ ಪುಡಿ ಬಂದವು. ಆ ‘ಕೇರ್ ಉಪ್ಪಿಟ್ಟಿ’ನ ರುಚಿಯನ್ನು ಅರವತ್ತು ದಾಟಿದವರು ಇಂದಿಗೂ ನೆನೆಯುತ್ತಾರೆ. ಮನೆಯ ಉಪ್ಪಿಟ್ಟು ಕಂಡರೆ ಮೂಗು ಮುರಿಯುತ್ತಿದ್ದವರೂ ಅದನ್ನು ಮಾತ್ರ ಚಪ್ಪರಿಸುತ್ತಿದ್ದರಂತೆ!

ಎಳೆಯ ಮಕ್ಕಳಿಗಾಗಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ರಾಜ್ಯದಲ್ಲಿ ಅದಕ್ಕೆ ಮೊದಲು ಆಯ್ಕೆಯಾದದ್ದು ತಿರುಮಕೂಡಲು ನರಸೀಪುರ. ಶಾಲೆಗಳಲ್ಲಿ ಬಿಸಿಯೂಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿದ ಮೇಲೆ, 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ‘ಅಕ್ಷರ ದಾಸೋಹ’ ಶುರುವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು, 2022ರಿಂದ ಎಲ್ಲ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು.

ಮನೆಯಲ್ಲಿ ಉಣ್ಣದ ಮಗು ಅಂಗನವಾಡಿಯಲ್ಲಿ ಉಣ್ಣುತ್ತದೆ ಎಂಬುದು ತಾಯಂದಿರಿಗೆ ಒಗಟು. ಅಮೆರಿಕದ ಲೀಯನ್ ಬರ್ಚ್ ಎಂಬ ಸಂಶೋಧಕಿ 1980ರಲ್ಲಿ ಇದನ್ನೇ ಪರೀಕ್ಷಿಸಿದರು. ಒಂದು ತರಕಾರಿಯನ್ನು ಒಲ್ಲದ ಮಗುವನ್ನು ಅದೇ ತರಕಾರಿ ಇಷ್ಟಪಡುವ ಮಕ್ಕಳ ನಡುವೆ ಊಟಕ್ಕೆ ಕೂರಿಸಿದಾಗ ಕೆಲವು ದಿನಗಳಲ್ಲಿ ಅದರ ಆಯ್ಕೆಯೇ ಬದಲಾಯಿತು. ಎರಡು ವರ್ಷದ ಮಕ್ಕಳ ಮೇಲೆ ನಡೆಸಿ 1982ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಹೊಸ ತಿನಿಸನ್ನು ಹೆಚ್ಚು ಸಲ ರುಚಿ ನೋಡಿದಷ್ಟೂ ಅದರ ಮೇಲಿನ ಇಷ್ಟ ಹೆಚ್ಚಿತು. 10, 15 ಸಲದ ಮಾತು ಅದು. ನಾವು ಎರಡು ಮೂರು ಸಲ ಬಡಿಸಿ ‘ಇವನಿಗೆ ಹೀರೆಕಾಯಿ ಸೇರೂದಿಲ್ಲ’ ಎಂದು ತೀರ್ಪು ಕೊಟ್ಟುಬಿಡುತ್ತೇವೆ.

ಇದಕ್ಕೂ ಹಿಂದೆ, 1920ರ ದಶಕದಲ್ಲಿ, ಕ್ಲಾರಾ ಡೇವಿಸ್ ಎಂಬ ವೈದ್ಯೆ ಇನ್ನೂ ಧೈರ್ಯದ ಪ್ರಯೋಗ ಮಾಡಿದ್ದರು. ಆಗಷ್ಟೇ ಹಾಲು ಬಿಟ್ಟ ಕೂಸುಗಳ ಮುಂದೆ ಬೇರೆ ಬೇರೆ ಬಟ್ಟಲುಗಳಲ್ಲಿ ಆಹಾರವಿಟ್ಟು, ತಮಗೆ ಬೇಕಾದ್ದನ್ನು ಬೇಕಾದಷ್ಟು ತಿನ್ನಲು ಬಿಟ್ಟರು. ದಾದಿಯರು ತಿನ್ನು ಎನ್ನುವಂತಿಲ್ಲ, ಬೇಡ ಎನ್ನುವಂತಿಲ್ಲ. 15 ಮಕ್ಕಳೂ ಚೆನ್ನಾಗಿಯೇ ಬೆಳೆದವು. ಆದರೆ ಪಟ್ಟಿಯಲ್ಲಿದ್ದ 34 ಪದಾರ್ಥಗಳಲ್ಲಿ ಸಕ್ಕರೆಯಾಗಲಿ ಡಬ್ಬಿಯ ತಿನಿಸಾಗಲಿ ಇರಲಿಲ್ಲ. ಉಪಾಯವಿರುವುದೇ ಆ ಪಟ್ಟಿಯಲ್ಲಿ ಎಂದು ಡೇವಿಸ್ 1939ರಲ್ಲಿ ಸ್ವತಃ ಸ್ಪಷ್ಟಪಡಿಸಿದರು. ಏನು ಇಡಬೇಕೆಂಬುದು ದೊಡ್ಡವರ ಕೈಯಲ್ಲಿ, ಎಷ್ಟು ತಿನ್ನಬೇಕೆಂಬುದು ಮಗುವಿನ ಕೈಯಲ್ಲಿ.

ಈ ವಿಚಾರ ಹಗುರವಾದದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ. ಇಷ್ಟು ದೊಡ್ಡ ಸಂಖ್ಯೆ ಬಡವರ ಮನೆಗಳಿಗೆ ಮಾತ್ರ ಸೀಮಿತವಾಗಿರಲು ಸಾಧ್ಯವಿಲ್ಲ.

ಇಲ್ಲಿ ಬೆಳಗಾವಿ ಕಡೆಯ ಒಂದು ರೂಢಿಯನ್ನು ಹೇಳಲೇಬೇಕು. ಸಂಜೆ ಐದೂವರೆಗೆ ದೊಡ್ಡವರ ಜೊತೆ ಮಗುವಿಗೂ ಅರ್ಧ ಕಪ್ಪು ಚಹಾ, ಅದ್ದಿಕೊಳ್ಳಲು ಟೋಸ್ಟ್ ಅಥವಾ ಖಾರಿ. ಇದನ್ನು ಯಾರೂ ಊಟವೆಂದು ಎಣಿಸುವುದಿಲ್ಲ. ಆದರೆ ಮೂರು ವರ್ಷದ ಮಗುವಿನ ಹೊಟ್ಟೆ ಎಷ್ಟು ದೊಡ್ಡದು? ಎಂಟು ಗಂಟೆಗೆ ತಾಟಿನ ಮುಂದೆ ಕೂತಾಗ ಅದಕ್ಕೆ ನಿಜವಾಗಿ ಹಸಿವಿರುವುದಿಲ್ಲ. ನಾವು ಅದನ್ನು ಹಟವೆನ್ನುತ್ತೇವೆ. ಚಹಾದೊಳಗಿನ ಟ್ಯಾನಿನ್ ಬೇಳೆ, ಸೊಪ್ಪುಗಳ ಕಬ್ಬಿಣಾಂಶವನ್ನು ದೇಹ ಹೀರದಂತೆ ತಡೆಯುತ್ತದೆಂಬುದು ಬೇರೆ ಮಾತು. ಈ ಚಹಾ ಕೂಡ ಅಜ್ಜ–ಅಜ್ಜಿಯರ ಕಾಲದಿಂದ ನಡೆದುಬಂದದ್ದೆಂದು ವಾದಿಸುವವರಿದ್ದಾರೆ. ಅಜ್ಜನ ಕಾಲಕ್ಕೆ ಇದ್ದೀತು. ಮುತ್ತಜ್ಜನ ಕಾಲಕ್ಕೆ ಇರಲಿಲ್ಲ. ರಫ್ತಾಗುವ ಚಹಾದ ಮೇಲೆ ಸೆಸ್ ಹಾಕಿ, ಆ ಹಣದಿಂದ ಚಹಾದ ಪ್ರಚಾರ ಮಾಡಲು ಬ್ರಿಟಿಷ್ ಸರ್ಕಾರ ಕಾನೂನು ಮಾಡಿದ್ದು 1903ರಲ್ಲಿ. ಅದಾದ ಮೇಲಿನ ದಶಕಗಳಲ್ಲಿ ಊರೂರಿನಲ್ಲಿ ಪುಕ್ಕಟೆ ಚಹಾ ಕುಡಿಸಿಯೇ ಜನರಿಗೆ ರೂಢಿ ಮಾಡಿಸಿದರು.