ಕ್ವಾರೆಲ್, ಚಾಡಿಕೋರ

ಇಂಗ್ಲಿಷಿನ ‘ಕ್ವಾರೆಲ್’ ಈಗ ಜಗಳ. ಹುಟ್ಟಿದ್ದು ಮಾತ್ರ ‘ದೂರು’ ಎಂಬರ್ಥದಲ್ಲಿ. ಲ್ಯಾಟಿನ್ನಿನಲ್ಲಿ ಗೊಣಗು, ದೂರು ಹೇಳು ಎಂಬರ್ಥದ ಕ್ರಿಯಾಪದದಿಂದ ‘ಕ್ವೆರೆಲ’ ಬಂತು. ಅದೇ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ದಾಟಿತು. ಮೊದಮೊದಲು ಅಲ್ಲಿಯೂ ಅದಕ್ಕೆ ತಕರಾರು, ಫಿರ್ಯಾದು ಎಂಬ ಅರ್ಥವೇ ಇತ್ತು; ಕೈಕೈ ಮಿಲಾಯಿಸುವುದು ಆಮೇಲಿನ ಸಂಗತಿ. (ಅಡ್ಡಬಿಲ್ಲಿನ ಬಾಣಕ್ಕೂ ಇಂಗ್ಲಿಷಿನಲ್ಲಿ ಕ್ವಾರೆಲ್ ಎನ್ನುತ್ತಾರೆ. ಅದು ಬೇರೆ ಪದ. ಬಾಣದ ತುದಿ ಚೌಕಾಕಾರವಿದ್ದುದರಿಂದ ಬಂದದ್ದು.)

ದೂರಿನಿಂದ ಜಗಳ ಎಂಬ ಈ ವಂಶಾವಳಿ ಗುಮಟಾಪುರದವರಿಗೆ ಹೊಸದೆನಿಸಲಾರದು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದಾಗ ಮದ್ರಾಸ್ ರಾಜ್ಯದಲ್ಲೇ ಉಳಿದ ತಾಳವಾಡಿ ಸೀಮೆಯ ಕನ್ನಡದ ಊರು ಇದು. ದೀಪಾವಳಿ ಮುಗಿದೊಡನೆ ಇಲ್ಲಿ ಗೊರೆಹಬ್ಬ. ಬೀರೇಶ್ವರನ ಗುಡಿಯ ಬಳಿ ಸಗಣಿ ರಾಶಿ ಹಾಕಿ ಗಂಡಸರು ಒಬ್ಬರ ಮೇಲೊಬ್ಬರು ಎರಚಾಡುತ್ತಾರೆ. ಅದಕ್ಕೆ ಮುನ್ನ ಕತ್ತೆಯ ಮೇಲೆ ಮೆರವಣಿಗೆ ಹೊರಡುವವನು ಚಾಡಿಕೋರನ ವೇಷಧಾರಿ. ಎರಚಾಟಕ್ಕೆ ಮೊದಲು ಚಾಡಿ ಬರಬೇಕೆಂಬ ಈ ಕ್ರಮ ನನಗಂತೂ ಬಹಳ ಸರಿಯಾಗಿ ಕಾಣುತ್ತದೆ.

ಚಾಡಿಗೆ ಮರಾಠಿಯ ‘ಚಹಾಡಿ’ ನಂಟು. ‘ಕೋರ’ ಪಾರಸಿಯ ‘ಖೋರ್’, ಅಂದರೆ ತಿನ್ನುವವನು. ಲಂಚಕೋರನಿಗೆ ಇದು ಅಕ್ಷರಶಃ ಒಪ್ಪುತ್ತದೆ. ಕನ್ನಡಿಗರು ಹೇಗೂ ಲಂಚವನ್ನು ತಿನ್ನುತ್ತಲೇ ಇದ್ದವರು. ಆಮೇಲೆ ತಿನ್ನುವ ಅರ್ಥ ಸವೆದು ಚಟ, ದುಷ್ಟತನವಷ್ಟೇ ಉಳಿಯಿತು: ದಂಗೆಕೋರ, ದಾಳಿಕೋರ, ಜಗಳಕೋರ. ಕೊನೆಯವನಿಗೆ ‘ಜಗಳಗಂಟ’ ಎಂಬ ಮನೆಮಾತೂ ಇದೆ. ಬೈಯುವಾಗ ಅದೇ ಹೆಚ್ಚು ಚುರುಕು. ‘ಕೋರ’ರನ್ನು ಪತ್ರಿಕೆಗಳಿಗೆ ಬಿಡಬಹುದು.